ಹೊಗೆಯ ನೆಪ

ನನ್ನ ಅತ್ತೆಯ ಕೆನ್ನೆಯ ಮೇಲೆ ಯಾವಾಗಲೂ ಒಂದು ಮೀನಿನ ಹುರುಪೆ ಅಂಟಿಕೊಂಡು ಮಿನುಗುತ್ತಿತ್ತು. ಕುಂದಾಪುರ ಪೇಟೆಯಲ್ಲಿ ಮೀನು ಮಾರಿ ಬಂದು ಮಿಂದರೂ ಅದೊಂದು ಉಳಿದೇ ಇರುತ್ತಿತ್ತು. ಹೇಳಿದರೆ, "ಇರ್ಲಿ ಬಿಡ್, ಮೂಗ್‌ಬೊಟ್ಟಿಗೆ ಜೋಡಿ" ಎಂದು ನಗುತ್ತಿದ್ದರು. ಮೀನು ಕೂಗಿ ಮಾರಿದ ದನಿ. ಗುಟ್ಟು ಹೇಳಿದರೂ ಮೂರು ಮನೆಗೆ ಕೇಳುತ್ತಿತ್ತು. ಹಾಲಾಡಿಯಿಂದ ಕಡಲಂಚಿನ ಕೋಡಿಗೆ ಸೊಸೆಯಾಗಿ ಬಂದ ನನಗೆ ಆ ದನಿಯೆಂದರೆ ಎದೆನಡುಕ.

ಎರಡು ಸಾವಿರದ ಒಂದನೇ ಇಸವಿಯ ಮಳೆಗಾಲದಲ್ಲಿ ನಾನು ಬಸುರಿ. ಒಲೆಗೆ ತೆಂಗಿನ ಹಸಿ ಮಡಲು, ಹಸಿ ಸಿಪ್ಪೆ. ಊದಿದಷ್ಟೂ ಹೊಗೆ, ಕೆಮ್ಮು. ಅದರ ಜೊತೆಗೆ ಅಳು. ಹೊಟ್ಟೆಯೊಳಗಿನ ಮಗುವಿನ ಮೇಲೆ ನನಗೆ ಪ್ರೀತಿಯೇ ಹುಟ್ಟದಿದ್ದರೆ ಏನು ಗತಿ ಎಂಬ ಭಯ ಹಗಲಿಡೀ ಕಾಡುತ್ತಿತ್ತು. ಹೇಳಿಕೊಳ್ಳಲು ನಾಚಿಕೆ. ಯಾರಾದರೂ ಕೇಳಿದರೆ "ಹೊಗೆ" ಎನ್ನುತ್ತಿದ್ದೆ. ಅಷ್ಟು ಒಳ್ಳೆಯ ನೆಪ ಬೇರೆಲ್ಲಿ ಸಿಕ್ಕೀತು!

ಹೊಗೆ ತಾಯಿಗೂ ಮಗುವಿಗೂ ಒಳ್ಳೆಯದಲ್ಲ ಎಂದು ಡಾಕ್ಟರಮ್ಮ ಹೇಳಿದ್ದರಿಂದ ನನ್ನ ಗಂಡ ಒಲೆಯನ್ನು ಹೊರಗೆ ಹಾಕಲು ಹೊರಟರು. ನೆರೆಯ ಹಿರಿಯರೆಲ್ಲ ಬಾಯಿ ಬಡಿದುಕೊಂಡರು. ಬಸುರಿ ಇರುವ ಮನೆಯಲ್ಲಿ ಒಲೆ ಕೀಳುವುದುಂಟೇ? ಶಾಸ್ತ್ರ ಬಿಡದ ಅತ್ತೆಯೂ ಹೌದೆಂದು ತಲೆಯಾಡಿಸಿದರು. ಎಲೆಯಡಿಕೆ ಜಗಿದು ಮುಗಿಸಿ ಎದ್ದವರು, "ಒಲಿ ಕದ್ಲ್ಸುಕಾಗ, ಸರಿ. ಬಸ್ರಿನ ಕದ್ಲ್ಸುಲಕ್ಕ್ ಅಲ್ದಾ?" ಎಂದು ನನ್ನ ಕೈಯಿಂದ ಊದುಕೊಳವೆ ಕಿತ್ತುಕೊಂಡರು.

ಅಂದಿನಿಂದ ಮೀನು ಮಾರಿ ದಣಿದು ಬಂದ ಮೇಲೆ ಅವರದೇ ಅಡುಗೆ, ನನಗೆ ಕಡಲಗಾಳಿಯ ಜಗಲಿ. ಆದರೆ ಅಳು ನನ್ನ ಹಿಂದೆಯೇ ಜಗಲಿಗೂ ಬಂತು. ಒಂದು ಸಂಜೆ ಅತ್ತೆ ಸೌಟು ಹಿಡಿದೇ ಹೊರಗೆ ಬಂದರು.

"ಇಲ್ಲ್ ಹೊಗಿ ಇಲ್ಯಲೆ ಹೆಣೆ. ಎಂತಕ್ಕೆ ಮರ್ಕುದ್?"

ಏಕೆ ಅಳುತ್ತೀ ಎಂದರೆ ಹೇಳಲು ಇದ್ದ ನೆಪ ಮುಗಿದಿತ್ತು. ಎಲ್ಲ ಹೇಳಿಬಿಟ್ಟೆ. ಬೈಗುಳಕ್ಕೆ ಕಾದು ಕೂತೆ. ಅವರು ಪಕ್ಕದಲ್ಲಿ ಕುಳಿತು, ಜೀವಮಾನದಲ್ಲಿ ಮೊದಲ ಸಲ ಮೆಲ್ಲಗೆ ಮಾತಾಡಿದರು: "ನಿನ್ ಗಂಡ ಹೊಟ್ಟಿಯೊಳ್ಗೆ ಇಪ್ಪತಿಗೆ ನಾನೂ ಹೀಂಗೇ ಮರ್ಕಿದೆ. ಯಾರ್ ಕೇಂಡ್ರೂ ಹೊಗಿ ಅಂದೆ. ಹಾಂಗಂದ್ ಅವ್ನ್ ಮೇಲೆ ಪ್ರೀತಿ ಬರ್ಲಿಲ್ಯಾ?"

ಮರುದಿನ ಡಾಕ್ಟರಮ್ಮನ ಮುಂದೆ ನಾನು ಬಾಯಿ ತೆರೆಯುವ ಮೊದಲೇ, ಹೊರಗಿನ ಬೆಂಚಿಗೂ ಕೇಳುವಂತೆ, "ಇವ್ಳಿಗೆ ಮನ್ಸಿಗೆ ಹುಷಾರಿಲ್ಲೆ, ಅದಕ್ಕೂ ಮದ್ದ್ ಕೊಡಿ" ಎಂದರು. ನಾಚಿಕೆಯಿಂದ ಸತ್ತೇ ಹೋದೆ ಅನ್ನಿಸಿತು, ಬದುಕಿಕೊಂಡದ್ದೂ ಅಲ್ಲಿಂದಲೇ. ಮಗಳು ಹುಟ್ಟಿದಳು. ಅವಳನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟ ಅತ್ತೆಯ ಕೆನ್ನೆಯ ಹುರುಪೆ ಕೂಸಿನ ಹಣೆಗೆ ಅಂಟಿತ್ತು. ನಗು ಬಂತು, ಪ್ರೀತಿಯೂ ಬಂತು.

ಮನೆಗೆ ಗ್ಯಾಸು ಬಂದು ಎಷ್ಟೋ ವರ್ಷಗಳಾದ ಮೇಲೆ ಅತ್ತೆ ತುಂಬು ಬಾಳು ಬಾಳಿ ಹೋದರು. ತಲೆಯ ಬಳಿ ಊದುಬತ್ತಿ ಉರಿಯುತ್ತಿತ್ತು. ನೆರೆಮನೆಯವಳು ನನ್ನ ಕಣ್ಣು ನೋಡಿ, "ಹೊಗಿ ತಾಗ್ತಾ?" ಎಂದಳು.

"ಇಲ್ಲೆ," ಎಂದೆ, ಮೂರು ಮನೆಗೆ ಕೇಳುವಂತೆ. "ಮರ್ಕ್ತಾ ಇದ್ದೆ."