ಮೂರನೆಯ ಕಪ್ಪು

ಮೊನ್ನೆ ಭಾನುವಾರ ನೋಯ್ಡಾದ ನಮ್ಮ ಫ್ಲ್ಯಾಟಿನಲ್ಲಿ ಹಸಿ ಕಾಫಿಬೀಜ ಹುರಿಯುತ್ತಿದ್ದೆ. ಊರಿನಿಂದ ಬಂದ ನಾದಿನಿ ತಂದುಕೊಟ್ಟದ್ದು. ಹೊಗೆ ಏಳುತ್ತಲೇ ಮಗಳು "ಅಮ್ಮಾ, ಕ್ಯಾ ಜಲ್ ರಹಾ ಹೈ?" ಎಂದು, ಏನೋ ಸುಡುತ್ತಿದೆ ಅಂದುಕೊಂಡು ಓಡಿಬಂದಳು. ನಾನಾಗಲೇ ದೆಹಲಿಯ ಮುಖರ್ಜಿ ನಗರದ ಆ ಮೂರನೇ ಮಹಡಿಯ ಕೋಣೆಗೆ ಹೋಗಿಬಿಟ್ಟಿದ್ದೆ...

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಬಿ.ಕಾಂ. ಆನರ್ಸ್ ಓದಲು ದಾವಣಗೆರೆಯಿಂದ ಬಂದ ನನಗೆ ಸಿಕ್ಕ ರೂಮ್‌ಮೇಟ್ ಇಥಿಯೋಪಿಯಾದವಳು. ಅವಳದೂ ನನ್ನದೇ ತರಗತಿ. ನನಗೇ ಅಕೌಂಟೆನ್ಸಿ ಕಬ್ಬಿಣದ ಕಡಲೆಯಾಗಿತ್ತು, ಅವಳ ಪಾಡು ಕೇಳಲೇಬೇಡಿ. ಹಾಗೆ ನೋಡಿದರೆ ಲೆಕ್ಕದ ತಿರುಳು ಅವಳಿಗೆ ನನಗಿಂತ ಚೆನ್ನಾಗಿ ತಿಳಿಯುತ್ತಿತ್ತು. ಕಾಡುತ್ತಿದ್ದದ್ದು ನಮ್ಮ ಲಕ್ಷ, ಕೋಟಿ. ಅವಳೂರಿನಲ್ಲಿ ಸಾವಿರದ ನಂತರ ನೇರ ಮಿಲಿಯನ್. ಮೇಷ್ಟ್ರು ಲಕ್ಷಗಳಲ್ಲಿ ಲೆಕ್ಕ ಹೇಳಿ ಬರೆಸಿದರೆ ಇವಳು ಒಂದು ಸೊನ್ನೆ ಹೆಚ್ಚೇ ಹಾಕುವಳು. ಬ್ಯಾಲೆನ್ಸ್ ಶೀಟು ಜಪ್ಪಯ್ಯ ಅಂದರೂ ಹೊಂದುತ್ತಿರಲಿಲ್ಲ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಫೇಲಾದಳು. ವರ್ಷದ ಕೊನೆಗೂ ಹೀಗೇ ಆದರೆ ಸ್ಕಾಲರ್‌ಶಿಪ್ ನಿಂತು, ಗಂಟುಮೂಟೆ ಕಟ್ಟಿ ಊರಿಗೆ ಮರಳಬೇಕಿತ್ತು. ಅವಳಮ್ಮ ಆಗಲೇ ಬೀದಿಗೆಲ್ಲ ಮಗಳು ಅಕೌಂಟೆಂಟ್ ಎಂದು ಹೇಳಿಕೊಂಡು ಬಂದಿದ್ದರಂತೆ.

ರಿಸಲ್ಟ್ ಬಂದ ವಾರದ ಭಾನುವಾರ ಅವಳು ಅತ್ತು ಮುಗಿಸಿ, ಮುಖ ತೊಳೆದು, ಪೆಟ್ಟಿಗೆಯಿಂದ ಹಸಿ ಬೀಜ ತೆಗೆದು ಕರೆಂಟ್ ಒಲೆಯ ಮೇಲೆ ಹುರಿಯಲು ಕೂತಳು. ಕೋಣೆಯಲ್ಲಿ ಅಡುಗೆ ಮಾಡಕೂಡದು ಎನ್ನುವುದು ಮನೆಯೊಡತಿಯ ಮೊದಲ ಕಾನೂನು. ಆ ಪಂಜಾಬಿ ಆಂಟಿ ಹೊಗೆಯ ಜಾಡು ಹಿಡಿದು ಏದುಸಿರು ಬಿಡುತ್ತ ಮೇಲೆ ಬಂದರು. ನಮ್ಮ ಕಥೆ ಮುಗಿಯಿತು ಅಂದುಕೊಂಡೆ. ಇವಳು ನಗುತ್ತ ಬಾಣಲೆ ಹಿಡಿದು ಹೋಗಿ ಆ ಹೊಗೆಯನ್ನು ಆಂಟಿಯ ಮೂಗಿನತ್ತಲೇ ಬೀಸಿದಳು. ಬಂದ ಅತಿಥಿಗೆ ಇಥಿಯೋಪಿಯಾದಲ್ಲಿ ಮಾಡುವ ಮರ್ಯಾದೆ ಅದು. ಬೈಯಲು ಬಂದವರು ತಬ್ಬಿಬ್ಬಾಗಿ ದಿಂಬಿನ ಮೇಲೆ ಕೂತುಬಿಟ್ಟರು.

ಕೂತ ಮೇಲೆ ಮೂರು ಕಪ್ಪು ಆಗುವವರೆಗೆ ಏಳುವ ಹಾಗಿಲ್ಲ. ಮೂರನೆಯದು ಆಶೀರ್ವಾದದ ಕಪ್ಪು. ಅದು ಮುಗಿದರೆ ಹೊರಡಲು ಅಪ್ಪಣೆ. ಅಷ್ಟು ಹೊತ್ತು ಆಂಟಿ ಏನು ಮಾತಾಡಬೇಕು? ಜನಕಪುರಿಯಲ್ಲಿ ಯಾರ ಪ್ಲಾಟು ಎಷ್ಟು ಲಕ್ಷಕ್ಕೆ ಹೋಯಿತು, ಮೈದುನ ಹೇಗೆ ಕೋಟಿಯ ಜಾಗ ಕೈಬಿಟ್ಟ... ಅವರಿಗೆ ಬೇರೆ ವಿಷಯವೇ ಇರಲಿಲ್ಲ.

"ಕಿತ್ನೇ ಝೀರೋ, ಆಂಟಿ?" ಎಂದಳು ಇವಳು.

ಆಂಟಿ ಹಸಿ ಬೀಜಗಳನ್ನೇ ಸೊನ್ನೆಗಳಾಗಿ ನೆಲದ ಮೇಲೆ ಜೋಡಿಸಿದರು. ಲಾಖ್‌ಗೆ ಐದು, ಕರೋಡ್‌ಗೆ ಏಳು. ಅಲ್ಲಿಂದ ಪ್ರತಿ ಭಾನುವಾರ ನಮ್ಮ ಕೋಣೆಯಲ್ಲಿ ಕಾಫಿ, ಆಂಟಿ ಮತ್ತು ಇಡೀ ದೆಹಲಿಯ ಜಮೀನು. ನಾನು ನಕ್ಕು ನಕ್ಕು ಸುಸ್ತಾಗುತ್ತಿದ್ದೆ. ವರ್ಷದ ಪರೀಕ್ಷೆಯಲ್ಲಿ ಅವಳು ಪಾಸಾದಾಗ ಆಂಟಿ ಗಲ್ಲಿಗೆಲ್ಲ ಲಡ್ಡು ಹಂಚಿದರು, ಸ್ವಂತ ಮಗಳು ಪಾಸಾದಂತೆ. ಅಷ್ಟು ಖುಷಿಯ ದಿನ ನನ್ನ ಕಾಲೇಜು ಬದುಕಿನಲ್ಲಿ ಇನ್ನೊಂದಿಲ್ಲ.

ಡಿಗ್ರಿ ಮುಗಿಸಿ ಅವಳು ಹೊರಟ ದಿನವೂ ಕಾಫಿಯಾಯಿತು. ಕೆಳಗೆ ಟ್ಯಾಕ್ಸಿ ಹಾರ್ನ್ ಹೊಡೆಯುತ್ತಿತ್ತು. ಆಂಟಿ ಎರಡು ಕಪ್ಪು ಕುಡಿದು ಮೂರನೆಯದನ್ನು ಕೈಯಲ್ಲಿ ಹಿಡಿದೇ ಕೂತರು.

"ಇದನ್ನ ಕುಡಿದ್ರೆ ನೀನು ಹೊರಟುಬಿಡ್ತೀಯ, ಬೇಟಿ," ಎಂದರು.

ಕಾಫಿ ತಣ್ಣಗಾಯಿತು. ಅವಳು ಹೋದಳು.

ಬಹಳ ವರ್ಷ ಈಮೇಲ್ ಬರುತ್ತಿದ್ದವು. ದೊಡ್ಡ ಆಫೀಸಿನಲ್ಲಿ ಅಕೌಂಟೆಂಟ್ ಆಗಿದ್ದಳು. ಆಮೇಲೆ ಅವಳೂರಿನ ಕಡೆ ಯುದ್ಧ ಶುರುವಾಯಿತು, ಫೋನು ಹೋಗುವುದು ನಿಂತಿತು. ಯುದ್ಧ ಮುಗಿದರೂ ಅವಳ ಸುದ್ದಿಯಿಲ್ಲ. ಆಂಟಿಯೂ ಈಗಿಲ್ಲ.

ಮೊನ್ನೆ ಮಗಳಿಗೆ ಇದನ್ನೆಲ್ಲ ಹೇಳುತ್ತ ಎರಡು ಕಪ್ಪು ಕುಡಿದೆ. ಮೂರನೆಯದನ್ನೂ ಬಗ್ಗಿಸಿಕೊಂಡೆ. ಸಂಜೆಯವರೆಗೂ ಅದು ಮೇಜಿನ ಮೇಲೆ ಹಾಗೇ ಇತ್ತು.