ಅತ್ತಿಗೆಯ ಕ್ರೆಡಿಟ್ ಸ್ಕೋರ್

ಪರದೆ ಹೊಲಿಯುವವಳನ್ನು ಬೀದಿಯವರೆಲ್ಲ ಅತ್ತಿಗೆ ಎಂದೇ ಕರೆಯುತ್ತಿದ್ದರು. ಹೊಲಿಯುತ್ತ ಕೂತವಳಿಗೆ ಕಣ್ಣು ತೆರೆದಿದ್ದಾಗಲೂ ಒಂದು ಅಂಗಡಿ ಕಾಣುತ್ತಿತ್ತು: ದೊಡ್ಡ ಗಾಜು, ಅದರ ಹಿಂದೆ ಉಸಿರಾಡಿದಂತೆ ಉಬ್ಬಿ ಇಳಿಯುವ ನೀಲಿ ಬಟ್ಟೆ. ಆದರೆ ಕ್ರೆಡಿಟ್ ಸ್ಕೋರ್ ಕೆಟ್ಟಿದೆಯೆಂದು ಬ್ಯಾಂಕಿನವರು ಸಾಲ ಕೊಡಲಿಲ್ಲ. ಗಂಡ ಹಾಸಿಗೆ ಹಿಡಿದ ವರ್ಷ ಹಳೆಯ ಸಾಲವೊಂದರ ಕಂತು ತಪ್ಪಿದ್ದು ನಿಜ. ಜೊತೆಗೆ, ಅವಳದೇ ಹೆಸರಿನ ಇನ್ಯಾರದೋ ಸಾಲವೂ ಅವಳ ಲೆಕ್ಕಕ್ಕೆ ಸೇರಿಬಿಟ್ಟಿತ್ತು.

ಸ್ಕೋರ್ ಸರಿಮಾಡಿಸುವ ಕಂಪನಿಯೊಂದಕ್ಕೆ ನಾದಿನಿಯ ಜೊತೆ ಹೋದಳು. ತಣ್ಣನೆಯ ಕೋಣೆ, ಮೆತ್ತನೆಯ ಕುರ್ಚಿ.

"ಎಲ್ಲಾ ಅಳಿಸಿಹಾಕ್ತೀವಿ ಮೇಡಂ. ಫೀಸು ಮಾತ್ರ ಮೊದಲೇ ಕಟ್ಟಬೇಕು," ಎಂದ ಅಲ್ಲಿದ್ದವನು.

ಆ ಮಾತಿನ ಜೋಂಪಿನಲ್ಲೇ ಅವಳ ಕೈ ಪರ್ಸಿಗೆ ಹೋಯಿತು. ನಾದಿನಿ ಮೊಣಕೈಯಿಂದ ತಿವಿದಳು. "ಅತ್ತಿಗೆ, ಇನ್ನೊಂದು ಕಡೆ ಕೇಳೋಣ."

ಔಷಧಿ ಅಂಗಡಿಯ ಮೇಲಿನ ಪುಟ್ಟ ಕೋಣೆಯಲ್ಲಿ, ಅದೇ ಕೆಲಸ ಮಾಡುವ ಹೆಂಗಸೊಬ್ಬಳು ಕಾಗದಗಳನ್ನು ನಿಧಾನವಾಗಿ ಓದಿದಳು.

"ಈ ಸಾಲ ನಿಮ್ಮದಲ್ಲ, ತೆಗೆಸಬಹುದು. ನೀವೇ ಅರ್ಜಿ ಹಾಕಿದ್ರೆ ಖರ್ಚಿಲ್ಲ. ನಾನು ಮಾಡಿದ್ರೆ, ಕೆಲಸ ಆದ್ಮೇಲೆ ದುಡ್ಡು ಕೊಡಿ. ಆದ್ರೆ ತಪ್ಪಿದ ಕಂತು ನಿಜ ಅಲ್ವಾ, ಅದನ್ನ ಯಾರೂ ಅಳಿಸೋಕಾಗಲ್ಲ."

"ಅಳಿಸ್ತೀವಿ ಅಂದ್ರಲ್ಲ ಅವರು?"

"ಅನ್ನೋಕೇನು ಖರ್ಚಿದೆ?"

ಅತ್ತಿಗೆಗೆ ಯಾಕೋ ಹಗುರವೆನಿಸಿತು. ಗಂಡನ ಹಣೆಗೆ ಒದ್ದೆ ಬಟ್ಟೆಯಿಡುತ್ತ ಕಳೆದ ಮಧ್ಯಾಹ್ನಗಳು ತೇಲಿಬಂದವು. ಅವು ಅಳಿಸಿಹೋಗುವುದು ಅವಳಿಗೂ ಬೇಕಿರಲಿಲ್ಲ.

"ನೀವೇ ಮಾಡಿಕೊಡಿ," ಎಂದಳು.

ಕೆಲವು ತಿಂಗಳಲ್ಲಿ ಆ ಬೇರೆಯವರ ಸಾಲ ಅವಳ ಹೆಸರಿನಿಂದ ಇಳಿಯಿತು, ಬ್ಯಾಂಕು ಸಣ್ಣದೊಂದು ಸಾಲಕ್ಕೆ ಒಪ್ಪಿತು. ಸುದ್ದಿ ಹೇಳಿದಾಗ ಗಂಡ ನಿದ್ದೆಗಣ್ಣಿನಲ್ಲೇ "ಒಳ್ಳೇದಾಯ್ತು" ಎಂದು ಮಗ್ಗುಲಾದ.