ಸೂರ್ಯನಿಗೆ ಹೊದಿಸಿದ ಕೌದಿ

ಖಾನಾಪುರದ ಆಚೆ ಇರುವ ನನ್ನ ಹೊಲದ ಮನೆಗೆ ಕರೆಂಟ್ ಬಂದಿಲ್ಲ. ಅಲ್ಲೇ ಸೋಲಾರ್ ಮೇಲೆ ಹಿಟ್ಟಿನ ಗಿರಣಿ ನಡೆಸಿ ನನ್ನ ರೊಟ್ಟಿ ನಾನೇ ದುಡಿಯಬೇಕೆಂಬ ಹಟ ನನ್ನದು. ಮಚ್ಛೆ ಎಂಬ ಊರಿನಲ್ಲಿ ಒಬ್ಬರು ಹಳೆಯ ಗಿರಣಿಯನ್ನು ಸೋಲಾರ್ ಪ್ಲೇಟುಗಳ ಸಮೇತ ಮಾರುತ್ತಾರೆಂದು ತಿಳಿದು ನೋಡಲು ಹೋದೆ.

ಮಟಮಟ ಮಧ್ಯಾಹ್ನ. ಮಾಲೀಕರು ಕೆಳಗೆ ಗಿರಣಿಯ ಸ್ವಿಚ್ ಆರಿಸಿ ಬಂದು, ಮಾಳಿಗೆಯ ಮೇಲಿನ ಪ್ಲೇಟು ಬಿಚ್ಚಿ ತೋರಿಸುತ್ತೇನೆಂದು ಅದರ ವೈರ್ ಕತ್ತರಿಸಲು ಬರಿಗೈಯಲ್ಲಿ ಇಕ್ಕಳ ಹಿಡಿದರು. ಅದರ ಹಿಡಿಕೆಗೆ ರಬ್ಬರ್ ಕೂಡ ಇರಲಿಲ್ಲ.

"ಮುಟ್ಟಬ್ಯಾಡ್ರಿ, ಅದರಾಗ ಕರೆಂಟ್ ಐತಿ," ಎಂದೆ.

"ಮೇನ್ ಬಂದ್ ಮಾಡೇನಲ್ರೀ ಅಕ್ಕಾರ. ಎಲ್ಲಿಂದ ಬರ್ತೈತಿ?"

"ಬಿಸಲು ಬಂದ್ ಮಾಡೀರೇನು?"

"ಯಾರು ಹೇಳ್ಯಾರ ನಿಮಗ?"

"ಓದೇನಿ."

"ಓದಿ ಓದಿ ಅಂಜಿಕಿ ಹೆಚ್ಚಾಗೇತಿ," ಎಂದು ನಕ್ಕರು.

ಸಾಲಿ ಕಾಣದೆ ಮನೆಯಲ್ಲೇ ಅಕ್ಷರ ಕಲಿತ ನಾನು ಓದಿದ್ದೇ ತಪ್ಪಾಗಿದ್ದರೆ ನಗೆಪಾಟಲು. ಸರಿಯಾಗಿದ್ದರೆ ಈ ಮನುಷ್ಯ ನನ್ನ ಕಣ್ಣೆದುರೇ ಸಾಯುತ್ತಾರೆ. ಪಕ್ಕದಲ್ಲಿ ಒಣಹಾಕಿದ್ದ ಎರಡು ಕೌದಿಗಳನ್ನು ಎಳೆದು ಪ್ಲೇಟುಗಳಿಗೆ ಹೊದಿಸಿದೆ. ಅವರು ಕತ್ತರಿಸಲಿದ್ದ ವೈರಿನ ತುದಿಯ ಡಬ್ಬಿಯಲ್ಲಿ ಉರಿಯುತ್ತಿದ್ದ ಕೆಂಪು ದೀಪ ಆರಿತು. ಕೌದಿ ಸರಿಸಿದೆ, ಮತ್ತೆ ಹೊತ್ತಿತು.

ಮಾಲೀಕರು ಇಕ್ಕಳ ಕೆಳಗಿಟ್ಟರು.

ತಾವೇ ಕೌದಿ ಎಳೆದು ಮತ್ತೆ ಪ್ಲೇಟುಗಳಿಗೆ ಹೊದಿಸಿ, "ಗಿರಣಿ ಒಯ್ಯತೀರೇನ್ರಿ?" ಎಂದರು.

"ಒಯ್ಯತೇನಿ. ಕೌದಿನೂ ಕೊಡ್ರಿ."

ಗಿರಣಿ ಈಗ ನನ್ನ ಹೊಲದಲ್ಲಿ ನಡೆಯುತ್ತಿದೆ. ವೈರ್ ಕಂಡರೆ ಇವತ್ತಿಗೂ ಕೈ ಹಿಂದೆ ಸರಿಯುತ್ತದೆ. ಗಿರಣಿಯ ಪಕ್ಕ ಮಡಚಿಟ್ಟದ್ದನ್ನು ಕಂಡು, ಇಂಥ ಬೇಸಿಗೆಯಲ್ಲಿ ಕೌದಿ ಯಾಕೆ ಎಂದು ಬೀಸಿಸಲು ಬಂದವರು ಕೇಳುತ್ತಾರೆ. ಸೂರ್ಯನಿಗೆ ಹೊದಿಸಲು ಎಂದರೆ, ನನಗೆ ಹುಚ್ಚೆಂದುಕೊಂಡು ಹಿಟ್ಟು ತಣಿಯುವ ಮೊದಲೇ ಚೀಲ ಎತ್ತಿಕೊಂಡು ಹೊರಡುತ್ತಾರೆ.